ಮೊದಲು–ಆಮೇಲೆ ಫೋಟೊಗಳ ನಡುವಿನ ಮನೆ

ಮಾನ್ಯ ಸಂಪಾದಕರೇ,

ಹಳೆ ಮನೆಗಳನ್ನು ಕೊಂಡು, ದುರಸ್ತಿ ಮಾಡಿ, ಸಂಸಾರಸ್ಥರಿಗೆ ಮಾರುವ ದಂಪತಿಯೊಬ್ಬರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ನಾವಿಬ್ಬರೂ ಓದಿದೆವು. ನಾವೂ ಅದೇ ಕಸುಬಿನ ಗಂಡ-ಹೆಂಡತಿ. ನಮ್ಮವರು ಓದುವುದಕ್ಕಿಂತ ಮೊದಲು ಫೋಟೊ ನೋಡಿದರು. ಎಡಗಡೆ 'ಮೊದಲು', ಬಲಗಡೆ 'ಆಮೇಲೆ'. ಎಡಗಡೆ ಗಿಲಾವು ಕಳಚಿಬಿದ್ದ ಗೋಡೆ, ಬಲಗಡೆ ಅಚ್ಚ ಬಿಳಿ ಗೋಡೆ ಮತ್ತು ಒಂದು ಹೂಕುಂಡ. ಪುಟ ತಿರುವಿ ಮತ್ತೆ ಹಿಂದಕ್ಕೆ ತಿರುವಿ, "ಏನೇ, ಮಧ್ಯದ್ದು ಎಲ್ಲಿ?" ಅಂದರು. ಅವರು ಕೇಳಿ ಸುಮ್ಮನಾದರು. ನನಗೆ ಸುಮ್ಮನಿರಲು ಆಗಲಿಲ್ಲ, ಅದಕ್ಕೆ ಈ ಪತ್ರ.

ಆ ದಂಪತಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಅವರ ಕೆಲಸವನ್ನು ನಾನು ಕಣ್ಣಾರೆ ನೋಡಿದವಳಲ್ಲ, ಚೆನ್ನಾಗಿಯೇ ಇರಬಹುದು. ದೂರು ಇರುವುದು ಲೇಖನದ ಮೇಲೆ. ಇಡೀ ಮನೆಯನ್ನು ಮೂರೇ ತಿಂಗಳಲ್ಲಿ ಮುಗಿಸಿದರು ಅನ್ನುವ ಮಾತನ್ನು ನಿಮ್ಮ ಲೇಖಕರು ಹೊಗಳಿಕೆಯಾಗಿ ಬರೆದಿದ್ದಾರೆ. ತಲೆಬರಹದಲ್ಲೂ ಅದೇ ಇದೆ. ಒದ್ದೆ ಹಿಡಿದಿದ್ದ ಹಳೆ ಮನೆಯನ್ನು ಮೂರು ತಿಂಗಳಲ್ಲಿ ಮುಗಿಸಿದರು ಅಂತ ಯಾರಾದರೂ ಹೇಳಿದರೆ ನಾವು ಚಪ್ಪಾಳೆ ತಟ್ಟುವುದಿಲ್ಲ, ಗೋಡೆಯ ಬುಡ ಮುಟ್ಟಿ ನೋಡುತ್ತೇವೆ.

ನಮ್ಮ ಪರಿಚಯ ಒಂದಿಷ್ಟು ಹೇಳಿಬಿಡುತ್ತೇನೆ. ನಮ್ಮವರು ಗಾರೆ ಕೆಲಸದವರ ಕೈಕೆಳಗೆ ಕಲಸಿದ ಗಾರೆ ಹೊತ್ತು ಶುರುಮಾಡಿ ಮೇಸ್ತ್ರಿಯಾದವರು. ನಾನು ಎಂಜಿನಿಯರೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವಳು. ಒಂದು ಮನೆ ನೋಡಲು ಹೋದರೆ ಅವರು ಗೋಡೆ ತಟ್ಟಿ ಸದ್ದು ಕೇಳುತ್ತಾರೆ, ನಾನು ಟೇಪು ಬಿಚ್ಚುತ್ತೇನೆ. ಅವರಿಗೆ ಯಾವ ಗೋಡೆಯನ್ನೂ ಒಡೆಯಲು ಮನಸ್ಸು ಬರುವುದಿಲ್ಲ. ನನಗೆ ಎರಡು ಬಾಗಿಲು ಒಂದಕ್ಕೊಂದು ಬಡಿಯುವ ಮೂಲೆ ಕಂಡರೆ ತಡೆಯಲಾಗುವುದಿಲ್ಲ. ಜಗಳವಾಡಿಕೊಂಡೇ ಮನೆ ಮುಗಿಸುತ್ತೇವೆ. ಒಂದು ಮುಗಿಯುವ ತನಕ ಇನ್ನೊಂದನ್ನು ಕೊಳ್ಳುವುದಿಲ್ಲ. ಬಂಡವಾಳವೂ ಅಷ್ಟೇ ಇದೆ, ತಾಳ್ಮೆಯೂ ಅಷ್ಟೇ.

ಈಗ ಗೋಡೆಯ ಬುಡದ ವಿಷಯ. ಇವತ್ತು ನಾವೆಲ್ಲ ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಅದು ಸಾಮಾನ್ಯ ಮನೆಗಳ ಗೋಡೆಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಅದಕ್ಕೂ ಮುಂಚಿನ ಗೋಡೆಗಳು, ಎಷ್ಟೋ ಕಡೆ ಅದು ಬಂದ ಮೇಲಿನ ಗೋಡೆಗಳು ಕೂಡ, ಸುಣ್ಣಗಾರೆಯಲ್ಲೋ ಮಣ್ಣುಗಾರೆಯಲ್ಲೋ ಕಟ್ಟಿದವು. ಅವಕ್ಕೆ ನೆಲದ ತೇವ ತಡೆಯುವ ಪದರ ಇರುವುದೇ ಅಪರೂಪ. ನೆಲದಿಂದ ಒಂದಿಷ್ಟು ನೀರು ಏರುತ್ತದೆ, ಮಳೆಯದೊಂದಿಷ್ಟು ಇಳಿಯುತ್ತದೆ, ಗೋಡೆಯ ಎರಡೂ ಮುಖದಿಂದ ಆರಿಹೋಗುತ್ತದೆ. ಗೋಡೆ ಉಸಿರಾಡುತ್ತದೆ ಅಂತ ಕೆಲವರು ಭಕ್ತಿಯಿಂದ ಹೇಳುವುದುಂಟು. ಗೋಡೆಗೆ ಶ್ವಾಸಕೋಶ ಎಲ್ಲಿ ಬಂತು? ನೀರು ಹೀರುತ್ತದೆ, ಆರುತ್ತದೆ, ಅಷ್ಟೆ. ಆರುವ ದಾರಿ ತೆರೆದಿರಬೇಕು, ಅದೊಂದೇ ಅದರ ಬೇಡಿಕೆ.

ಅಂಥ ಗೋಡೆಯ ಬುಡ ಒದ್ದೆಯಾಗಿ ಗಿಲಾವು ಉದುರಿತು ಅಂದುಕೊಳ್ಳಿ. ಆತುರದ ಗುತ್ತಿಗೆದಾರ ಏನು ಮಾಡುತ್ತಾನೆ? ಉದುರಿದ ಕಡೆ ಗಟ್ಟಿ ಸಿಮೆಂಟು ಗಿಲಾವು ಬಡಿದು, ಅದರ ಮೇಲೆ ನೀರು ಬಿಡದ ಬಣ್ಣ ಹೊಡೆಯುತ್ತಾನೆ. ಒದ್ದೆ ಬಟ್ಟೆಯ ಮೇಲೆ ಮಳೆಯಂಗಿ ತೊಟ್ಟ ಹಾಗೆ. ಒಳಗಿನ ನೀರು ಹೊರಗೆ ಬರಲಾರದೆ ಮೇಲಕ್ಕೆ ದಾರಿ ಹುಡುಕುತ್ತದೆ. ಮೊಣಕಾಲೆತ್ತರ ಇದ್ದ ತೇವ ಸೊಂಟದೆತ್ತರಕ್ಕೆ ಬರುತ್ತದೆ. ನೀರಿನ ಜೊತೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ. ಹೊರಗಿನಿಂದ ನೋಡಿದರೆ ಒಂದು ವರ್ಷ, ಎರಡು ವರ್ಷ ಏನೂ ಗೊತ್ತಾಗದು. ಆಮೇಲೆ ಒಂದು ದಿನ ಬೀರು ಸರಿಸಿದರೆ ಹಿಂದೆ ಗೋಡೆ ಕಪ್ಪಾಗಿರುತ್ತದೆ, ಮಡಿಸಿಟ್ಟ ಬಟ್ಟೆಗೆ ಮುಗ್ಗಲು ವಾಸನೆ. ಅಷ್ಟು ಹೊತ್ತಿಗೆ ಮನೆ ಮಾರಿದವನ ಫೋನ್ ನಂಬರು ಬದಲಾಗಿರುತ್ತದೆ.

ಸರಿಯಾದ ಕೆಲಸ ಶುರುವಾಗುವುದು ಗೋಡೆಯಿಂದಲ್ಲ, ಹೊರಗಿನ ನೆಲದಿಂದ. ಅಂಗಳಕ್ಕೆ ಸಲಸಲಕ್ಕೂ ಮಣ್ಣು, ಕಲ್ಲು, ಕಾಂಕ್ರೀಟು ಸುರಿದು ಸುರಿದು ಎಷ್ಟೋ ಹಳೆ ಮನೆಗಳಲ್ಲಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿಬಿಟ್ಟಿರುತ್ತದೆ. ಅದನ್ನು ಅಗೆದು ಒಳಗಿನ ನೆಲಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಕೆಳಗಿಳಿಸಬೇಕು. ಮಳೆನೀರಿನ ದೋಣಿ ಎಲ್ಲಿ ಒಡೆದಿದೆ, ಗೋಡೆಯೊಳಗಿನ ಯಾವ ಕೊಳಾಯಿ ಜಿನುಗುತ್ತಿದೆ ಅಂತ ಹುಡುಕಬೇಕು. ನೀರಿನ ಮೂಲ ನಿಂತ ಮೇಲೆ ಹಳೆ ಸಿಮೆಂಟು ತೇಪೆಗಳನ್ನು ಕೆತ್ತಿ ತೆಗೆದು, ಗೋಡೆಯನ್ನು ಬರಿಮೈಯಲ್ಲಿ ಬಿಡಬೇಕು. ಎಷ್ಟು ದಿನ? ಇಟ್ಟಿಗೆ ಗೋಡೆ ಆರಲು ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಕಸುಬಿನವರ ಸ್ಥೂಲ ಲೆಕ್ಕ. ಒಂಬತ್ತು ಇಂಚಿನ ಗೋಡೆಗೆ ಹೆಚ್ಚುಕಡಿಮೆ ಒಂಬತ್ತು ತಿಂಗಳು. ಗಾಳಿ-ಬಿಸಿಲು ಚೆನ್ನಾಗಿದ್ದರೆ ಸ್ವಲ್ಪ ಬೇಗ, ಇಲ್ಲದಿದ್ದರೆ ಇನ್ನೂ ತಡ. ಮೂರು ತಿಂಗಳ ಮಾತು ನನಗೆ ಯಾಕೆ ಚುಚ್ಚಿತು ಅಂತ ಈಗ ಗೊತ್ತಾಗಿರಬೇಕು.

ಆಮೇಲೆ ಸುಣ್ಣದ ಗಿಲಾವು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ ಗೋಡೆಗೆ ಹಚ್ಚಿದ ಮೇಲೆ, ಅದು ಗಾಳಿಯಿಂದ ಅದೇ ಅನಿಲವನ್ನು ವಾಪಸು ತೆಗೆದುಕೊಂಡು ಮತ್ತೆ ಕಲ್ಲಾಗುತ್ತದೆ. ಈ ವಾಪಸಾತಿ ಮೇಲ್ಮೈಯಿಂದ ಒಳಕ್ಕೆ ನಿಧಾನವಾಗಿ ನಡೆಯುವಂಥದ್ದು. ಒಂದು ಪದರ ಗಟ್ಟಿಯಾಗುವ ಮುನ್ನ ಇನ್ನೊಂದು ಎಳೆದರೆ ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ಬೇಗ ಒಣಗಲಿ ಅಂತ ಫ್ಯಾನು ಹಾಕಿದರೆ ಬಿರಿಯುತ್ತದೆ. ಗಿಲಾವಿನ ಮೇಲೆ ಒದ್ದೆ ಗೋಣಿ ಇಳಿಬಿಟ್ಟು, ಗೋಡೆ ಕುಡಿಯುವಷ್ಟು ನೀರು ಚಿಮುಕಿಸಿ, ದಿನಾ ಬಂದು ಬೆರಳಲ್ಲಿ ಒತ್ತಿ ನೋಡುವುದು ನಮ್ಮವರ ಕೆಲಸ. ಆ ಹೊತ್ತಿನಲ್ಲಿ ಅವರ ಜೊತೆ ಬೇರೆ ವಿಷಯ ಮಾತಾಡಿ ಪ್ರಯೋಜನವಿಲ್ಲ.

ಇನ್ನೊಂದು ಫ್ಯಾಷನ್ ಬಗ್ಗೆಯೂ ಹೇಳಿಬಿಡುತ್ತೇನೆ. ಗಿಲಾವನ್ನೆಲ್ಲ ಕೆತ್ತಿ ಇಟ್ಟಿಗೆ ಕಾಣುವ ಹಾಗೆ ಬಿಡುವುದು. ನಿಮ್ಮ ಲೇಖನದ ಕೊನೆಯ ಫೋಟೊದಲ್ಲೂ ಅಂಥದೊಂದು ಗೋಡೆ ಇದೆ. ಒಳಗಿನ ಗೋಡೆಗಾದರೆ ಅವರವರ ರುಚಿ. ಹೊರಗೋಡೆಯಲ್ಲಿ, ಗಿಲಾವಿನ ಹೊದಿಕೆ ನಂಬಿ ಕಟ್ಟಿದ ಮೆದು ಇಟ್ಟಿಗೆಯನ್ನು ಮಳೆಗೆ ಒಡ್ಡುವುದು ತಪ್ಪು. ಇದು ಹೊಸ ಜಗಳವೇನಲ್ಲ. ಹಳೆ ಚರ್ಚುಗಳ ಗಿಲಾವನ್ನು ಕೆರೆದು ಕಲ್ಲು ಬಯಲು ಮಾಡುವ ಹುಚ್ಚು ಇಂಗ್ಲೆಂಡಿನಲ್ಲಿ ಹಬ್ಬಿದ್ದಾಗ ಅಲ್ಲಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಅದರ ವಿರುದ್ಧ ಒಂದು ಸಂಘವನ್ನೇ ಕಟ್ಟಿದ್ದ. ಸಂಘ ಇವತ್ತಿಗೂ ಇದೆ, ಹುಚ್ಚೂ ಇದೆ.

ಗೋಡೆಯ ಕಥೆ ಇಷ್ಟು. ಸೂರಿನದು ಇನ್ನೂ ಮೋಸದ್ದು, ಯಾಕೆಂದರೆ ಮರ ನಡುವೆ ಗಟ್ಟಿಯಿದ್ದು ತುದಿಯಲ್ಲಿ ಸತ್ತಿರುತ್ತದೆ. ನಾವು ಕೊಂಡ ಒಂದು ಮನೆಯಲ್ಲಿ ನಡುಕೋಣೆಯ ತೊಲೆಗಳು ನೋಡಲು ರಾಜಠೀವಿ. ಹಿಂದಿನವರು ಹೊಳೆಯುವ ಹಾಗೆ ವಾರ್ನಿಷ್ ಹೊಡೆಸಿದ್ದರು. ನಮ್ಮವರು ಏಣಿ ಹತ್ತಿ, ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರು. ಅದು ಹಿಡಿಯ ತನಕ ಒಳಗೆ ಹೋಯಿತು. ಗೋಡೆಯ ತೇವ ಮರದ ತುದಿಗೆ ಸೇರುತ್ತದೆ. ಮರದ ತೇವಾಂಶ ಶೇ 20 ದಾಟಿ ಹಾಗೇ ನಿಂತರೆ ಶಿಲೀಂಧ್ರ ಹಿಡಿದು ಕೊಳೆಯತೊಡಗುತ್ತದೆ. ಗೆದ್ದಲಿಗೂ ಮೆತ್ತಗಾದ ಒದ್ದೆ ಮರ ಅಂದರೆ ಇಷ್ಟ. ನಾನು "ಇಡೀ ತೊಲೆ ಬದಲಾಯಿಸಿಬಿಡೋಣ ರೀ" ಅಂದೆ. ಅವರು ಒಪ್ಪಲಿಲ್ಲ. ಕೆಳಗೆ ಜಾಕಿ ಕೊಟ್ಟು ಭಾರ ಎತ್ತಿ, ಕೊಳೆತ ತುದಿಯನ್ನು ಗಟ್ಟಿ ಮರ ಸಿಗುವ ತನಕ ಕೊಯ್ದು, ಹೊಸ ಮರದ ತುಂಡನ್ನು ಓರೆಯಾಗಿ ಜೋಡಿಸಿ ಉಕ್ಕಿನ ಪಟ್ಟಿ, ಬೋಲ್ಟು ಹಾಕಿದರು. ಎಂಜಿನಿಯರು ಲೆಕ್ಕ ಹಾಕಿ ಪಟ್ಟಿಯ ದಪ್ಪ ಹೇಳಿದರು. ತೊಲೆಯ ತುದಿಯ ಸುತ್ತ ಗಾರೆ ತುಂಬದೆ ಗಾಳಿಯಾಡಲು ಸಂದು ಬಿಟ್ಟರು. ಆಮೇಲೆ ಮೇಲಿನ ಹಲಗೆ ಮುಚ್ಚಿತು. ಈಗ ಆ ಮನೆಯಲ್ಲಿರುವವರಿಗೆ ಕಾಣುವುದು ಅದೇ ಹಳೆ ತೊಲೆ. ನಿಮ್ಮ ಛಾಯಾಗ್ರಾಹಕರು ಬಂದಿದ್ದರೆ ಅವರಿಗೂ ಅಷ್ಟೇ ಕಾಣುತ್ತಿತ್ತು, ಸ್ಕ್ರೂಡ್ರೈವರ್ ಒತ್ತದೆ ವಾರ್ನಿಷ್ ಹೊಡೆದು ಮಾರಿದ್ದರೂ ಅಷ್ಟೇ ಕಾಣುತ್ತಿತ್ತು.

ನನ್ನ ತಕರಾರಿನ ತಿರುಳು ಇದೇ. ಒಳ್ಳೆ ಕೆಲಸವೂ ಕೆಟ್ಟ ಕೆಲಸವೂ ಮುಗಿದ ದಿನ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಗೋಡೆ, ನೆಲ, ಸೂರು ಬಿಚ್ಚಿಕೊಂಡಿರುವ ಮಧ್ಯದ ದಿನಗಳಲ್ಲಿ ಮಾತ್ರ. ಆ ದಿನಗಳ ದಾಖಲೆ ಕೊಳ್ಳುವವರ ಕೈಗೆ ಸಿಗಬೇಕು. ನಾವು ಕೊಡುತ್ತೇವೆ. ಕೀಲಿಕೈ ಜೊತೆ ಒಂದು ದಪ್ಪ ಫೈಲು.

ಅದರಲ್ಲಿ ಹೆಚ್ಚು ಪುಟ ವೈರಿಂಗಿನದು. ಹಳೆ ಮನೆಗಳಲ್ಲಿ ಮರದ ಪಟ್ಟಿಯೊಳಗೆ ರಬ್ಬರು ಹೊದಿಕೆಯ ತಂತಿ ಹಾದಿರುತ್ತದೆ. ವರ್ಷಗಳ ಬಿಸಿಗೆ ರಬ್ಬರು ಒಣಗಿ ಬೆರಳು ತಾಗಿದರೆ ಉದುರುತ್ತದೆ. ಅದನ್ನು ಹಾಗೇ ಬಿಟ್ಟು ಮೇಲೆ ಚಂದದ ಹೊಸ ಸ್ವಿಚ್ಚು ಕೂರಿಸಿ ಮಾರಿದ ಮನೆಗಳನ್ನು ನಾವು ಮತ್ತೆ ಬಿಚ್ಚಿ ಸರಿಮಾಡಿದ್ದೇವೆ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಹಾಕಿದ್ದೇವೆ, ಭಯವಿಲ್ಲ ಅಂತ ಮಾರುವವರು ಅನ್ನುತ್ತಾರೆ. ಎಂಸಿಬಿ ಕಾಯುವುದು ತಂತಿಯನ್ನು. ಶಾಕ್ ಹೊಡೆಯುವಾಗ ಮನುಷ್ಯರನ್ನು ಕಾಯಬೇಕಾದರೆ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಇನ್ನೊಂದು ಸ್ವಿಚ್ಚು, ಆರ್‌ಸಿಸಿಬಿ ಬೇಕು, ಅದರ ಜೊತೆಗೆ ಸರಿಯಾದ ಅರ್ಥಿಂಗ್ ಬೇಕು. ಆ ಆರ್‌ಸಿಸಿಬಿಯ ಮೇಲೆ 'ಟೆಸ್ಟ್' ಅಂತ ಒಂದು ಗುಂಡಿ ಇರುತ್ತದೆ, ಆಗಾಗ ಒತ್ತಿ ನೋಡಲಿಕ್ಕೆ. ಮನೆ ಕೊಳ್ಳಲು ಬಂದವರಲ್ಲಿ ಆ ಗುಂಡಿ ಒತ್ತಿ ನೋಡಿದವರನ್ನು ನಾನು ಕಂಡಿಲ್ಲ. ನಲ್ಲಿ ತಿರುಗಿಸಿ ನೋಡುತ್ತಾರೆ, ನೀರು ಬಂದರೆ ಸಂತೋಷಪಡುತ್ತಾರೆ.

ಗಿಲಾವು ಮುಚ್ಚುವ ಮುನ್ನ ಪ್ರತಿ ಗೋಡೆಯ ಪೈಪು, ತಂತಿಯ ಹಾದಿ ಕಾಣುವ ಹಾಗೆ ಫೋಟೊ ತೆಗೆಯುವುದು ನನ್ನ ಕೆಲಸ. ಚೌಕಟ್ಟಿನೊಳಗೆ ಟೇಪು ಬಿಚ್ಚಿಟ್ಟಿರಬೇಕು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಓದಲು ಬರಬೇಕು; ಇಲ್ಲದಿದ್ದರೆ ಆ ಫೋಟೊ ಬರೀ ನೆನಪಿನ ಚಿತ್ರ. ನಾವು ಮಾರಿದ ಮನೆಯೊಂದರಲ್ಲಿ ವರ್ಷಗಳ ನಂತರ ಬಚ್ಚಲಿನ ಹಿಂದೆ ಸೋರಿಕೆ ಬಂತು. ಪ್ಲಂಬರ್ ಫೈಲು ನೋಡಿ ಒಂದೇ ಟೈಲ್ಸು ತೆಗೆದು ಜೋಡಣೆ ಸರಿಮಾಡಿ ಹೋದನಂತೆ. ಆ ಮನೆಯ ಹೆಣ್ಣುಮಗಳು ಫೋನ್ ಮಾಡಿ ಹೇಳಿದಾಗ ನನಗೆ ಆದ ಹೆಮ್ಮೆ ಯಾವ ಪುರವಣಿಯಲ್ಲಿ ಬಂದರೂ ಆಗದು.

ಕೊಳಚೆ ಪೈಪಿನ ವಿಷಯ ಯಾರಿಗೂ ಬೇಡ, ಅದಕ್ಕೇ ಚಿಕ್ಕದಾಗಿ ಹೇಳುತ್ತೇನೆ. ನಾಲ್ಕು ಇಂಚಿನ ಪೈಪಿಗೆ ನಲವತ್ತು ಅಡಿಗೆ ಒಂದು ಅಡಿ ಇಳಿಜಾರು. ನೆಲ ಮುಚ್ಚುವ ಮೊದಲು ಕೆಳತುದಿ ಬಿಗಿದು, ನೀರು ತುಂಬಿಸಿಟ್ಟು, ಮಟ್ಟ ಇಳಿಯುತ್ತದೆಯೇ ಅಂತ ಕಾದು ನೋಡಬೇಕು. ಇಳಿದರೆ ಎಲ್ಲೋ ಜೋಡಣೆ ಸೋರುತ್ತಿದೆ. ಟೈಲ್ಸು ಹಾಕಿದ ಮೇಲೆ ಈ ಪರೀಕ್ಷೆಗೆ ಅರ್ಥವಿಲ್ಲ.

ಸಂಸಾರದ ಮನೆ ಅನ್ನುವ ಮಾತನ್ನು ನಿಮ್ಮ ಲೇಖನ ಬಹಳ ಸಲ ಬಳಸಿದೆ, ಆದರೆ ಫೋಟೊದಲ್ಲಿ ಸಂಸಾರದ ಸುಳಿವಿಲ್ಲ. ಅಡುಗೆಮನೆ, ಊಟದ ಜಾಗ, ಹಜಾರ ಎಲ್ಲ ಒಂದೇ ಬಯಲಾಗಿದೆ. ಅಡ್ಡಗೋಡೆ ತೆಗೆದರೆ ಫೋಟೊಕ್ಕೆ ಚೆನ್ನ. ಆದರೆ ಒಬ್ಬರು ರಾತ್ರಿ ಪಾಳಿ ಮುಗಿಸಿ ಮಲಗಿರುವಾಗ, ಇನ್ನೊಬ್ಬರು ಪರೀಕ್ಷೆಗೆ ಓದುವಾಗ, ಅಜ್ಜನಿಗೆ ಟಿವಿ ಜೋರಾಗಿ ಬೇಕಿರುವಾಗ ಎಲ್ಲರಿಗೂ ಬೇಕಾದದ್ದು ಹಾಕಿಕೊಳ್ಳಲು ಒಂದು ಬಾಗಿಲು. ಅದೂ ಅಲ್ಲದೆ ಹಳೆ ಮನೆಯಲ್ಲಿ ಯಾವ ಗೋಡೆ ಭಾರ ಹೊತ್ತಿದೆ, ಯಾವುದು ಬರೀ ಮರೆ ಅಂತ ತಟ್ಟಿ ಹೇಳಲು ಬರುವುದಿಲ್ಲ. ಮೇಲೆ ಹತ್ತಿ ತೊಲೆ ಯಾವ ದಿಕ್ಕಿಗೆ ಹಾಯ್ದಿದೆ, ಮೇಲಂತಸ್ತಿನ ಗೋಡೆ ಯಾವುದರ ಮೇಲೆ ಕೂತಿದೆ ನೋಡಬೇಕು. ಎಂಜಿನಿಯರು ಬರೆದುಕೊಡದೆ ಭಾರದ ಗೋಡೆಗೆ ಸುತ್ತಿಗೆ ತಾಗಿಸಬಾರದು. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

ಒಮ್ಮೆ ಒಂದು ಕುಟುಂಬ ಮನೆ ನೋಡಲು ಬಂದಿತ್ತು. ಮಗ-ಸೊಸೆ ಅಡುಗೆಮನೆಯ ಕಪಾಟು ತೆಗೆದು ಮುಚ್ಚಿ ನೋಡುತ್ತಿದ್ದರು, ಮಕ್ಕಳು ಮೆಟ್ಟಿಲು ಹತ್ತಿ ಇಳಿಯುತ್ತಿದ್ದವು. ಅವರ ಜೊತೆ ಬಂದಿದ್ದ ಅಜ್ಜಿ ಎಲ್ಲೂ ನಿಲ್ಲದೆ ನೇರ ಬಚ್ಚಲುಮನೆಗೆ ಹೋಗಿ ಬಾಗಿಲನ್ನು ಎಳೆದು, ತಳ್ಳಿ ನೋಡಿದರು. "ಇದು ಹೊರಗಡೆಗೆ ಯಾಕೆ ತೆಗೆಯುತ್ತದೆ ತಾಯಿ?" ಅಂತ ಕೇಳಿದರು. ಒಳಗೆ ಯಾರಾದರೂ ಜಾರಿ ಬಿದ್ದರೆ ಮೈ ಬಾಗಿಲಿಗೆ ಅಡ್ಡವಾಗುತ್ತದೆ, ಒಳಕ್ಕೆ ತೆಗೆಯುವ ಬಾಗಿಲಾದರೆ ಹೊರಗಿನವರು ತಳ್ಳಲಾಗುವುದಿಲ್ಲ ಅಂದೆ. ಅಜ್ಜಿ ಮಗನ ಕಡೆ ತಿರುಗಿ, "ಇದನ್ನೇ ತಗೊಳ್ಳೋ" ಅಂದರು. ಕಪಾಟಿನ ಬಣ್ಣದ ಚರ್ಚೆ ಅಲ್ಲಿಗೆ ನಿಂತಿತು.

ಅಜ್ಜಿ ಕೇಳದೇ ಇದ್ದದ್ದೂ ಆ ಬಚ್ಚಲಲ್ಲಿತ್ತು. ಮುಂದೊಂದು ದಿನ ಹಿಡಿಕಂಬಿ ಬೇಕಾದೀತು ಅಂತ ಟೈಲ್ಸಿನ ಹಿಂದೆ ಗಟ್ಟಿ ಇಟ್ಟಿಗೆ ಕೂರಿಸಿ, ಎಲ್ಲಿ ಅಂತ ಫೈಲಿನಲ್ಲಿ ಗುರುತು ಹಾಕಿದ್ದೆವು. ಕೆಳಗಿನ ಒಂದು ಕೋಣೆ ಮತ್ತು ಬಚ್ಚಲಿನ ಬಾಗಿಲು ತೆರೆದಾಗ ನಡುವೆ 80 ಸೆಂಟಿಮೀಟರ್‌ಗೂ ಹೆಚ್ಚು ದಾರಿ ಸಿಗುವ ಹಾಗೆ ಅಗಲ ಮಾಡಿದ್ದೆವು, ಗಾಲಿಕುರ್ಚಿ ಬಂದರೆ ಹೋಗಲಿ ಅಂತ. ಮೆಟ್ಟಿಲಿನ ಲೆಕ್ಕ ಇನ್ನೂ ಹಳೆಯದು. ಎರಡು ಏರು (ಮೆಟ್ಟಿಲಿನ ಎತ್ತರ), ಒಂದು ತುಳಿ (ಕಾಲಿಡುವ ಅಗಲ) ಕೂಡಿಸಿದರೆ 60ರಿಂದ 65 ಸೆಂಟಿಮೀಟರ್ ಬರಬೇಕು ಅನ್ನುವ ಸೂತ್ರವನ್ನು ಹದಿನೇಳನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೊಂಡೆಲ್ ಹೆಸರಲ್ಲಿ ಇವತ್ತಿಗೂ ಕಲಿಸುತ್ತಾರೆ. ಮನುಷ್ಯರ ಹೆಜ್ಜೆ ಅವತ್ತಿನಿಂದ ಉದ್ದವಾಗಿಲ್ಲವಲ್ಲ. ಅದಕ್ಕಿಂತ ಮುಖ್ಯ, ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇರಬೇಕು. ಹೊಸ ಟೈಲ್ಸು ಹಾಕಿ ಕೆಳಗಿನ ನೆಲ ಎತ್ತರವಾದರೆ ಮೊದಲನೇ ಮೆಟ್ಟಿಲು ಗಿಡ್ಡವಾಗುತ್ತದೆ, ಜನ ಎಡವುವುದು ಅಲ್ಲೇ. ಕಟಾಂಜನದ ಸರಳುಗಳ ನಡುವೆ 10 ಸೆಂಟಿಮೀಟರ್ ಚೆಂಡು ತೂರಬಾರದು ಅನ್ನುವುದು ಅನೇಕ ದೇಶಗಳ ಕಟ್ಟಡ ನಿಯಮದಲ್ಲಿದೆ. ಮಗುವಿನ ತಲೆಯ ಲೆಕ್ಕ ಅದು. ನಿಮ್ಮ ಫೋಟೊದಲ್ಲಿ ಮೆಟ್ಟಿಲಿಗೆ ಕಟಾಂಜನವೇ ಇಲ್ಲ, ಚಂದಕ್ಕೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಕೆಡವಿ ಹೊಸದು ಕಟ್ಟಬಾರದೇ ಅಂತ ಕೇಳುವವರಿದ್ದಾರೆ. ಕೆಲವನ್ನು ಕೆಡವಲೇಬೇಕು. ಬಿರುಕು ಕಂಡ ಮನೆಯಲ್ಲಿ ನಾವು ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತೇವೆ, ಅಗಲ ಅಳೆದಿಡುತ್ತೇವೆ. ಮಳೆಗಾಲ, ಬೇಸಿಗೆ ಎರಡೂ ಕಳೆದರೂ ಗೆರೆ ದಾಟದಿದ್ದರೆ ಹಳೆ ಗಾಯ, ಮುಚ್ಚಬಹುದು. ದಾಟುತ್ತಲೇ ಇದ್ದರೆ, ಅಗಲ ಐದು ಮಿಲಿಮೀಟರ್ ಮೀರಿ ಬೆಳೆಯುತ್ತಿದ್ದರೆ ಪಾಯ ಕುಸಿಯುತ್ತಿರಬಹುದು. ಅಂಥದಕ್ಕೆ ಎಂಜಿನಿಯರನ್ನು ಕರೆಸಿ, ಅವರು ತಲೆಯಾಡಿಸಿದರೆ ಮುಂಗಡ ಕೊಡದೆ ವಾಪಸು ಬರುತ್ತೇವೆ. ಆದರೆ ಗಟ್ಟಿ ಪಾಯ, ಗಟ್ಟಿ ಗೋಡೆ ಇರುವ ಮನೆಯನ್ನು ಬರೀ ಹಳತಾಯಿತು ಅಂತ ಕೆಡವಲು ನನ್ನ ಮನಸ್ಸು ಒಪ್ಪದು. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7–8ರಷ್ಟು ಸಿಮೆಂಟು ತಯಾರಿಕೆಯೊಂದರಿಂದಲೇ ಬರುತ್ತದೆ. ಹಳೆ ಗೋಡೆಯ ಇಟ್ಟಿಗೆಯನ್ನು ಯಾವತ್ತೋ ಸುಟ್ಟು ಆಗಿದೆ. ಅದನ್ನು ಒಡೆದು ಗುಂಡಿಗೆ ಸುರಿದು, ಹೊಸ ಇಟ್ಟಿಗೆ ಸುಟ್ಟು ತರುವುದು ಯಾವ ಲೆಕ್ಕ?

ದುಡ್ಡಿನ ಮಾತು ಬಿಟ್ಟರೆ ಪತ್ರ ಪ್ರಾಮಾಣಿಕವಾಗದು. ನಿಧಾನಕ್ಕೆ ಬೆಲೆಯಿದೆ. ಗೋಡೆ ಆರುವ ತಿಂಗಳುಗಳಲ್ಲಿ ಸಾಲದ ಬಡ್ಡಿ ಆರುವುದಿಲ್ಲ. ಅಂದಾಜಿನ ಮೇಲೆ ಐದನೇ ಒಂದು ಭಾಗವನ್ನು ನಾವು ಕಾಣದ ಖರ್ಚಿಗೆ ಅಂತ ತೆಗೆದಿಡುತ್ತೇವೆ, ಹೆಚ್ಚಿನ ಸಲ ಅದೂ ಮುಗಿಯುತ್ತದೆ. ಅದೇ ಬೀದಿಯಲ್ಲಿ ಸಿಮೆಂಟು ಬಡಿದು ಬಣ್ಣ ಹೊಡೆದ ಮನೆ ನಮಗಿಂತ ಕಡಿಮೆ ಬೆಲೆಗೆ, ನಮಗಿಂತ ಮೊದಲು ಮಾರಾಟವಾಗುತ್ತದೆ. ಕೊಳ್ಳುವವರನ್ನು ಬೈದು ಏನು ಪ್ರಯೋಜನ? ಅವರ ಕಣ್ಣಿಗೆ ಎರಡೂ ಬಿಳಿ ಗೋಡೆ. ಏನು ಕೇಳಬೇಕು ಅಂತ ಅವರಿಗೆ ಹೇಳಿಕೊಡಬೇಕಾದವರು ಪತ್ರಿಕೆಯವರು. ನೀವು ಹೂಕುಂಡ ತೋರಿಸಿದರೆ ಅವರು ಹೂಕುಂಡ ಕೇಳುತ್ತಾರೆ. ಗಿಲಾವು ಮುಚ್ಚುವ ಮೊದಲಿನ ಫೋಟೊ ಕೊಡಿ, ವೈರಿಂಗ್ ಪರೀಕ್ಷೆಯ ಕಾಗದ ಕೊಡಿ, ಗೋಡೆ ಎಷ್ಟು ತಿಂಗಳು ಬರಿಮೈಯಲ್ಲಿತ್ತು ಹೇಳಿ ಅಂತ ನಿಮ್ಮ ಓದುಗರಲ್ಲಿ ನೂರು ಜನ ಕೇಳಲು ಶುರುಮಾಡಿದರೆ ನಮ್ಮ ಕಸುಬಿನವರೆಲ್ಲ ಫೈಲು ಇಡುತ್ತಾರೆ. ಇಡದವರು ಯಾಕೆ ಇಟ್ಟಿಲ್ಲ ಅಂತ ಉತ್ತರ ಕೊಡಬೇಕಾಗುತ್ತದೆ. ಮುಂದಿನ ಸಲ ಇಂಥ ಲೇಖನಕ್ಕೆ ಛಾಯಾಗ್ರಾಹಕರನ್ನು ಕಳಿಸುವುದಾದರೆ ದಯವಿಟ್ಟು ಕೆಲಸದ ನಡುವೆ ಕಳಿಸಿ, ಹಳೆ ಚಪ್ಪಲಿ ಹಾಕಿಕೊಂಡು ಬರಲು ಹೇಳಿ.

ಇದನ್ನೆಲ್ಲ ಅಚ್ಚು ಹಾಕಲು ಜಾಗವಿಲ್ಲದಿದ್ದರೆ ಬಿಡಿ, ಈ ಒಂದು ತಿದ್ದುಪಡಿಯನ್ನಾದರೂ ಹಾಕಿ. ಲೇಖನದ ಪಕ್ಕದ ಚೌಕದಲ್ಲಿ, ಹಳೆ ಬಾಗಿಲು-ಕಿಟಕಿಯ ಬಣ್ಣವನ್ನು ಮನೆಯವರೇ ಮಕ್ಕಳನ್ನೂ ಸೇರಿಸಿಕೊಂಡು ಉಜ್ಜುಕಾಗದದಿಂದಲೋ ಮೆಷಿನಿನಿಂದಲೋ ಉಜ್ಜಿ ತೆಗೆಯಬಹುದು ಅಂತ ಸಲಹೆ ಕೊಟ್ಟಿದ್ದೀರಿ. ಹಳೆ ಎಣ್ಣೆಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದೇ 1978ರಲ್ಲಿ. ಒಣ ಬಣ್ಣ ಉಜ್ಜಿದಾಗ ಏಳುವ ನುಣುಪು ಧೂಳು ನೆಲಕ್ಕೆ, ಆಟಿಕೆಗೆ, ಅಲ್ಲಿಂದ ಮಗುವಿನ ಬಾಯಿಗೆ ಹೋಗುತ್ತದೆ. ಸೀಸದ ವಿಷಯದಲ್ಲಿ ಇಷ್ಟಾದರೆ ಅಪಾಯವಿಲ್ಲ ಅನ್ನುವ ಮಟ್ಟ ಗೊತ್ತೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ವಾಪಸು ಬರುವಂಥದ್ದಲ್ಲ. ಗಟ್ಟಿಯಾಗಿ ಅಂಟಿಕೊಂಡಿರುವ ಹಳೆ ಬಣ್ಣವಾದರೆ ಅದನ್ನು ಕೆದಕದೆ ಮೇಲೆ ಹೊಸ ಬಣ್ಣ ಹೊಡೆಯುವುದೇ ಲೇಸು. ಏಳುತ್ತಿದ್ದರೆ ಪರೀಕ್ಷೆ ಮಾಡಿಸಿ, ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆದು, ಸರಿಯಾದ ಮುಖಗವಸು ಹಾಕಿ, ಚೂರುಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿದು ಕಟ್ಟಿ ಹಾಕಬೇಕು. ಆ ಕೆಲಸ ಮುಗಿದು, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ ಆಗುವ ತನಕ ಮಕ್ಕಳು, ಬಸುರಿಯರು ಆ ಮನೆಗೆ ಕಾಲಿಡಬಾರದು. ನಿಮ್ಮ ಸಲಹೆ ಓದಿ ಈ ರಜೆಯಲ್ಲೇ ಉಜ್ಜುಕಾಗದ ತಂದಿಟ್ಟುಕೊಂಡವರು ಇರಬಹುದು. ಭಾನುವಾರದ ತನಕ ಕಾಯದೆ ನಾಳೆಯ ಪತ್ರಿಕೆಯಲ್ಲೇ ಹಾಕಿ.

ಇಂತಿ,
ಹಳೆ ಮನೆ ದುರಸ್ತಿಯ ಕಸುಬಿನ ನಿಮ್ಮ ಓದುಗಾರ್ತಿ